ನಲವತ್ತು ಅಂದ್ರ ಮೂವತ್ತೆರಡು

ಘಾಟ್ಕೋಪರ್
10 ಜೂನ್ 2024

ಅಬ್ಬಾ,

ಸಲಾಮ್. ನಾನು ನೂರೀನ. ಕವರಿನ ಮೇಲಿನ ಅಕ್ಷರ ನೋಡಿಯೇ ನಿಮಗೆ ಗೊತ್ತಾಗಿರಬೇಕು. ಏಳನೇ ಕ್ಲಾಸಿನವರೆಗೆ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿತದ್ದು, ಆಮೇಲೆ ಕನ್ನಡ ಬರೆದೇ ಇಲ್ಲ. ತಪ್ಪಿದ್ದರೆ ನಗಬೇಡಿ.

ಬೇರೆ ದಾರಿ ಇರಲಿಲ್ಲ. ಫೋನಿನಲ್ಲಿ ನಿಮಗೆ ಕೇಳುವುದಿಲ್ಲ. ನಿಮ್ಮ ಬಟನ್ ಫೋನಿಗೆ ಕನ್ನಡ ಮೆಸೇಜು ಕಳಿಸಿದರೆ ಬರೀ ಚೌಕ ಚೌಕ ಡಬ್ಬಿ ಕಾಣಿಸುತ್ತದೆ. ಅಮ್ಮಿಯ ಜೊತೆ ಪ್ರತಿ ಶುಕ್ರವಾರ ಮಾತಾಡುತ್ತೇನೆ, ಆದರೆ ನಿಮಗೆ ಹೇಳುವುದನ್ನು ಅವಳಿಗೆ ಹೇಳಿದರೆ ಅವಳು ನಿಮ್ಮ ಕಿವಿಯ ಹತ್ತಿರ ಬಂದು ಕೂಗಬೇಕು. ಆಗ ಇಡೀ ಚಾಳಿಗೆ ಕೇಳಿಸುತ್ತದೆ, ನಿಮಗೊಬ್ಬರಿಗೆ ಬಿಟ್ಟು.

ನಾನು ಈಗ ಘಾಟ್ಕೋಪರ್ ಸ್ಟೇಷನ್ನಿನ ಪೂರ್ವಕ್ಕೆ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ಮೆಂಟೆನೆನ್ಸ್ ಟೆಕ್ನಿಷಿಯನ್. ಕಿಡ್ನಿ ಕೆಟ್ಟವರ ರಕ್ತವನ್ನು ಮಷೀನು ತೊಳೆಯುವ ಜಾಗ. ಒಬ್ಬೊಬ್ಬರಿಗೆ ನಾಲ್ಕು ತಾಸು ಹಿಡಿಯುತ್ತದೆ. ಮೊದಲು ಆರು ಮಷೀನಿದ್ದವು, ಹೋದ ತಿಂಗಳು ಎಂಟಾದವು. ಮಳೆಗಾಲ ಬಂತು, ಕರೆಂಟು ಹೋದರೆ ಟೆರೇಸಿನ ಜನರೇಟರು ಎಲ್ಲವನ್ನೂ ಎಳೆಯುತ್ತದೋ ಇಲ್ಲವೋ ನೋಡಿ ಪಟ್ಟಿ ಮಾಡು ಎಂದು ನಮ್ಮ ಮ್ಯಾನೇಜರ್ ಶೇಖರ ಸರ್ ನನಗೆ ಹೇಳಿದ್ದಾರೆ.

ಲಿಫ್ಟಿನ ಮೋಟರು ಬಹಳ ಹಳೆಯದು. ಅದರ ತಗಡಿನ ಮೇಲೆ 8 ಪಿಎಸ್ ಎಂದಿದೆ. ಪಿಎಸ್ ಅಂದರೆ ಎಚ್‌ಪಿಯೇ, ಬೇರೆಯೇ? ನಿಮಗೆ ಗೊತ್ತಿರಬಹುದು ಎಂದು ಕೇಳಿದೆ.

ಇಷ್ಟೇ. ಅಡ್ರೆಸ್ ಕವರಿನ ಹಿಂದೆ ಇದೆ.

ನೂರೀನ


ಗ್ರಾಂಟ್ ರೋಡ್
15 ಜೂನ್ 2024

ಬೇಟಿ ನೂರೀನಗ,

ನಿನ್ನ ಪತ್ರ ಮುಟ್ಟಿತು.

ಪಿಎಸ್ ಬ್ಯಾರೆ, ಎಚ್‌ಪಿ ಬ್ಯಾರೆ. ಎರಡಕ್ಕೂ ಮಂದಿ ಹಾರ್ಸ್‌ಪವರ್ ಅಂತಾರ. ಇಂಗ್ಲೆಂಡಿನವರ ಕುದುರಿ 746 ವ್ಯಾಟ್. ಜರ್ಮನಿಯವರ ಕುದುರಿ ಸ್ವಲ್ಪ ಬಡಕಲು, 735 ವ್ಯಾಟ್, ಮ್ಯಾಲ ಅರ್ಧ. ಅದು ಪಿಎಸ್. ನಿನ್ನ ಲಿಫ್ಟಿನ ಎಂಟು ಪಿಎಸ್ ಅಂದ್ರ ಐದು ಕಿಲೋವ್ಯಾಟ್ ಎಂಟುನೂರಾ ಎಂಬತ್ತು ವ್ಯಾಟ್, ಹತ್ತಿರ ಹತ್ತಿರ ಆರು.

ಜರ್ಮನ್ ಮೋಟರ್ ಆದ್ರ ಬೇರಿಂಗ್ ನೋಡಿಸು. ಒಳಗ ತಂತಿ ಸುತ್ತಿದ್ದು ಚಲೋ ಇರತೈತಿ, ಬೇರಿಂಗ್ ಒಣಗಿರತಾವು.

ಅಮ್ಮಿ ಆರಾಮ ಅದಾಳ. ನಿನ್ನ ಪತ್ರ ಓದಿ ಹೇಳು ಅಂದಳು. ಓದಿದೆ. ಮೋಟರಿಂದು ಬಿಟ್ಟು ಬ್ಯಾರೆ ಏನೂ ಬರದಿಲ್ಲೇನು ಅಂತ ಕೇಳಿದಳು.

ಅಮೀರಸಾಬ


ಘಾಟ್ಕೋಪರ್
22 ಜೂನ್ 2024

ಅಬ್ಬಾ,

ನಿಮಗೆ ವ್ಯಾಟ್, ಕಿಲೋವ್ಯಾಟ್ ಎಲ್ಲಾ ಯಾವಾಗಿಂದ? ಓದಿ ನಾನು ಎರಡು ಸಲ ಕವರ್ ತಿರುಗಿಸಿ ನೋಡಿದೆ, ನಿಮ್ಮದೇ ಪತ್ರವಾ ಎಂದು.

ಇಲ್ಲಿ ನನ್ನ ಮರ್ಯಾದೆ ಹೋಯಿತು. ಹೇಳುತ್ತೇನೆ.

ಶೇಖರ ಸರ್ ನನಗಿಂತ ಮೊದಲೇ ಒಂದು ಕಾಗದದ ಮೇಲೆ ಕೂಡಿಸಿಟ್ಟಿದ್ದರು. ಡಯಾಲಿಸಿಸ್ ಮಷೀನು ಎಂಟು, ಒಂದೊಂದಕ್ಕೆ ಒಂದೂವರೆ ಕಿಲೋವ್ಯಾಟ್, ಒಟ್ಟು 12. ಲಿಫ್ಟು 8. ನೀರೆತ್ತುವ ಪಂಪು 5. ಮಷೀನಿಗೆ ನೀರು ಶುದ್ಧ ಮಾಡುವ ಆರ್‌ಒ ಪಂಪು 3. ಒಂದೂವರೆ ಟನ್ನಿನ ನಾಲ್ಕು ಎಸಿ, ಅಂದರೆ 6. ಲೈಟು ಫ್ಯಾನು ಫ್ರಿಜ್ಜು 2. ಒಟ್ಟು 36. ಜನರೇಟರು 40. "ಹೋ ಗಯಾ, ನಾಲ್ಕು ಉಳಿಯಿತು" ಅಂದರು.

ನನಗೆ ನಗು ಬಂತು. ಕಿಲೋವ್ಯಾಟ್, ಎಚ್‌ಪಿ, ಪಿಎಸ್, ಟನ್ನು, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಕೂಡಿಸಿದ್ದರು. ನಾನು ಎಲ್ಲವನ್ನೂ ಕಿಲೋವ್ಯಾಟಿಗೆ ತಿರುಗಿಸಿದೆ. ಲಿಫ್ಟು 5.9, ಪಂಪು 3.7, ಆರ್‌ಒ 2.2. ಒಂದು ಟನ್ನು ಅಂದರೆ ಮೂರೂವರೆ ಕಿಲೋವ್ಯಾಟ್ ಎಂದು ಪುಸ್ತಕದಲ್ಲಿದೆ, ಆರು ಟನ್ನಿಗೆ 21. ಎಲ್ಲ ಸೇರಿ 47. ನಮ್ಮ ಚಂಪಾ ಡಾಕ್ಟರ್, ಶೇಖರ ಸರ್, ನರ್ಸುಗಳು ಎಲ್ಲರೂ ಇದ್ದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ: "ಸರ್ ಮಾಡಿದ್ದು ತಪ್ಪು. ಈ ಜನರೇಟರ್ ನಡೆಯುವುದೇ ಇಲ್ಲ."

ಆಗ ಎಸಿ ಸರ್ವಿಸಿಗೆ ಬಂದಿದ್ದವನನ್ನು ಸರ್ ಒಳಗೆ ಕರೆದರು. "ಏಕ್ ಎಸಿ ಕಿತನಾ ಖಾತಾ ಹೈ?" ಒಂದು ಎಸಿ ಎಷ್ಟು ತಿನ್ನುತ್ತದೆ ಎಂದು ಕೇಳಿದ್ದಕ್ಕೆ ಅವನು ಮೀಟರು ಹಚ್ಚಿ ತೋರಿಸಿದ. ಒಂದೊಂದೂ ಪೌಣೇ ಎರಡು ಕಿಲೋವ್ಯಾಟ್. ನಾಲ್ಕಕ್ಕೆ ಬರೀ 7. ನಾನು 21 ಅಂದಿದ್ದೆ. ಎಲ್ಲರೂ ನಕ್ಕರು. ಶೇಖರ ಸರ್ "ಕನ್ವರ್ಟರ್ ಮೇಡಂ" ಅಂದರು. ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ಎಲ್ಲಿ ತಪ್ಪಿದೆ ಎಂದು ಇನ್ನೂ ತಿಳಿದಿಲ್ಲ. ಆದರೆ ಆ ಮೀಟಿಂಗಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನನಗೆ ಮೋಟರು ಸುತ್ತುವ ನಮ್ಮ ಅಂಗಡಿ ನೆನಪಾಯಿತು. ಗಿರಾಕಿಯ ಮುಂದೆ ನೀವು ನಿಂತಿದ್ದು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು.

ಇಷ್ಟು ಸಾಕು ಇವತ್ತಿಗೆ.

ನಿಮ್ಮ ನೂರೀನ


ಗ್ರಾಂಟ್ ರೋಡ್
27 ಜೂನ್ 2024

ಬೇಟಿ,

ನೀ ಕೇಳಿದ್ದಕ್ಕ ಮೊದಲು ಉತ್ತರ ಕೊಡತೀನಿ. ಉಳಿದದ್ದು ಆಮ್ಯಾಲ.

ಟನ್ನು ಅಂದ್ರ ಎಸಿ ಕೋಣಿಯೊಳಗಿನ ಬಿಸಿ ಎಷ್ಟು ಹೊರಗ ಒಗೀತೈತಿ ಅನ್ನೋ ಅಳತಿ. ಟನ್ನಿಗೆ ಮೂರೂವರಿ ಕಿಲೋವ್ಯಾಟ್, ನೀ ಬರದದ್ದು ಬರೋಬ್ಬರಿ. ಆದ್ರ ಅದು ಹೊತ್ತದ್ದು, ತಿಂದದ್ದಲ್ಲ. ಹಮಾಲ ದಿನಕ್ಕ ಎಷ್ಟು ಚೀಲ ಹೊತ್ತ ಅನ್ನೋದು ಬ್ಯಾರೆ, ಎಷ್ಟು ರೊಟ್ಟಿ ತಿಂದ ಅನ್ನೋದು ಬ್ಯಾರೆ. ಜನರೇಟರಿಗೆ ಬೇಕಾದದ್ದು ರೊಟ್ಟಿ ಲೆಕ್ಕ. ಎಸಿ ಒಂದು ತಿಂದು ಮೂರು ಹೊರತೈತಿ.

ಮೋಟರಿಂದು ಇದರ ಉಲ್ಟಾ. ತಗಡಿನ ಮ್ಯಾಲಿನ ಹಾರ್ಸ್‌ಪವರ್ ಅಂದ್ರ ಅದು ಮಾಡಿಕೊಡೋ ಕೆಲಸ. ತಿನ್ನೋದು ಅದಕ್ಕಿಂತ ಹೆಚ್ಚು. ಉಳಿದದ್ದು ಬಿಸಿಯಾಗಿ ಹೋಗತೈತಿ. ಮೂವತ್ತು ವರ್ಷ ಆ ಬಿಸಿ ನಾ ಅಂಗೈಲೆ ಮುಟ್ಟಿ ನೋಡೀನಿ. ಹಂಗಾಗಿ ನಿನ್ನ ಲಿಫ್ಟು ಮಾಡೋದು ಆರು, ತಿನ್ನೋದು ಏಳಕ್ಕ ಸ್ವಲ್ಪ ಕಡಿಮಿ. ಪಂಪು ನಾಲ್ಕೂವರಿ ಅನ್ನು. ಆರ್‌ಒ ಪೌಣೇ ಮೂರು. ಎಸಿ ಏಳು. ಮಷೀನು ಹನ್ನೆರಡು, ಲೈಟು ಎರಡು. ಕೂಡಿಸು. ಮೂವತ್ತೈದು ಬರತೈತಿ.

ಇನ್ನ ಜನರೇಟರು. ಅದು ನಲವತ್ತು ಏನು? ನೀನೂ ಬರದಿಲ್ಲ, ನಿಮ್ಮ ಸಾಹೇಬರೂ ನೋಡಿಲ್ಲ. ನಲವತ್ತು ಕಿಲೋವ್ಯಾಟ್ ಇರಾಂಗಿಲ್ಲ, ನಲವತ್ತು ಕೆವಿಎ ಇರತೈತಿ, ಆ ಅಳತಿ ಪೂರಾ ಕೆಲಸಕ್ಕ ಬರಾಂಗಿಲ್ಲ. ಅದರ ತಗಡಿನ್ಯಾಗ ಸಣ್ಣ ಅಕ್ಷರದಾಗ ಪವರ್ ಫ್ಯಾಕ್ಟರ್ 0.8 ಅಂತ ಬರದಿರತಾರ. ನಲವತ್ತಕ್ಕ ಅದನ್ನ ಗುಣಿಸು. ಮೂವತ್ತೆರಡು. ಬೇಕಾದದ್ದು ಮೂವತ್ತೈದು, ಇರೋದು ಮೂವತ್ತೆರಡು. ಲಿಫ್ಟ್ ಎದ್ದೇಳೋವಾಗ ಒಂದು ಕ್ಷಣ ಡಬ್ಬಲ್ ಎಳೀತೈತಿ, ಅದು ಬ್ಯಾರೆ.

ಅಂದ್ರ ನೀ ಹೇಳಿದ ಮಾತು ಖರೇ, ಜನರೇಟರ್ ಸಾಲಂಗಿಲ್ಲ. ಹಾದಿ ಮಾತ್ರ ತಪ್ಪಿತ್ತು.

ಈಗ ಉಳಿದದ್ದು.

ಹೋದ ವರ್ಷ ಮಾಟುಂಗಾದ ಬಿಲ್ಡಿಂಗಿನವರು ಪಂಪಿಗೆ ಮೋಟರ್ ಬೇಕಂತ ಕಳಿಸಿದ ಚೀಟ್ಯಾಗ 5.5 ಅಂತಿತ್ತು. ಮುಂದ ಎಚ್‌ಪಿನೂ ಇಲ್ಲ, ಕಿಲೋವ್ಯಾಟೂ ಇಲ್ಲ. ನಮ್ಮ ಕಾಲದಾಗ ಮೋಟರ್ ಅಂದ್ರ ಎಚ್‌ಪಿ. ಐದೂವರಿ ಎಚ್‌ಪಿ ಸುತ್ತಿ ಕೊಟ್ಟೆ. ಅವರಿಗೆ ಬೇಕಾಗಿದ್ದು ಐದೂವರಿ ಕಿಲೋವ್ಯಾಟ್, ಏಳೂವರಿ ಕುದುರಿ. ಒಂಬತ್ತನೇ ದಿನ ಸುಟ್ಟಿತು. ಎರಡು ದಿನ ಆ ಬಿಲ್ಡಿಂಗಿಗೆ ನೀರಿಲ್ಲ. ಅವರು ಬಂದು ಕೂಗಾಡಿದಾಗ ನೀ ಎಲ್ಲರ ಮುಂದ "ಅಬ್ಬಾಗ ಕಿಲೋವ್ಯಾಟ್ ಅಂದ್ರ ಏನಂತ ಗೊತ್ತಿಲ್ಲ" ಅಂದಿ. ನಿನ್ನ ಮಾತು ನನಗ ಕೇಳಿಸಲಿಲ್ಲ. ತುಟಿ ಓದಿದೆ.

ಅಂಗಡಿ ಮೆಟ್ಟಲಾ ಹತ್ತಬ್ಯಾಡ ಅಂತ ಅಂದೆ. ನೀ ಮನಿನೂ ಬಿಟ್ಟಿ.

ನೀ ಹೋದ ಮ್ಯಾಲ ಒಂದು ವಾರ ಸಿಟ್ಟಿನ್ಯಾಗಿದ್ದೆ. ಆಮ್ಯಾಲ ಬಾಜೂ ಅಂಗಡಿಯಾಗ ತಾಮ್ರದ ತಂತಿ ಮಾರತಾನಲ್ಲ ಶರಣಬಸಪ್ಪ, ಅವನಿಗೆ ಇಂಗ್ಲಿಷ್ ಬರತೈತಿ, ಅವನ ಹತ್ತರ ಹೋಗಿ ಕಲಸು ಅಂದೆ. "ಐವತ್ತೆಂಟನೇ ವಯಸ್ಸಿಗೆ ಯಾಕ ಸಾಹೇಬ" ಅಂತ ಚೀಟ್ಯಾಗ ಬರದು ತೋರಿಸಿದ. ಗೊತ್ತಿಲ್ಲದ್ದಕ್ಕ ಅಂದೆ. ದಿನಾ ಮಧ್ಯಾಹ್ನ ಊಟ ಆದ ಮ್ಯಾಲ ಅರ್ಧ ತಾಸು. ವ್ಯಾಟ್, ಕಿಲೋವ್ಯಾಟ್, ಕೆವಿಎ, ಟನ್ನು, ಎಲ್ಲಾ. ಮೂರು ತಿಂಗಳು ಹತ್ತಿತು.

ಪಿಎಸ್ ಅಂದ್ರ ಏನಂತ ನಿನ್ನ ಫೋನಿನ್ಯಾಗ ಒತ್ತಿದ್ರ ಸಾಕಿತ್ತು, ಒಂದು ನಿಮಿಷದ ಕೆಲಸ. ನೀ ಐದು ರೂಪಾಯಿ ಸ್ಟ್ಯಾಂಪ್ ಹಚ್ಚಿ ನನ್ನನ್ನ ಕೇಳಿದಿ. ಅದು ಯಾಕಂತ ನಾ ಕೇಳಾಂಗಿಲ್ಲ.

ಅಬ್ಬಾ


ಘಾಟ್ಕೋಪರ್
5 ಜುಲೈ 2024

ಅಬ್ಬಾ,

ನಿಮ್ಮ ಪತ್ರ ಕೈಗೆ ಬಂದ ಕೂಡಲೇ ಟೆರೇಸಿಗೆ ಹೋಗಿ ಜನರೇಟರಿನ ತಗಡು ಒರೆಸಿದೆ. ಎಣ್ಣೆ, ಧೂಳು, ಪಾರಿವಾಳದ ಹೊಲಸು. ಕೆಳಗೆ ಸಣ್ಣ ಅಕ್ಷರದಲ್ಲಿ, ನೀವು ಹೇಳಿದ ಹಾಗೆಯೇ, 0.8.

ಈ ಸಲ ಮೀಟಿಂಗಿನಲ್ಲಿ ಎದ್ದು ನಿಲ್ಲಲಿಲ್ಲ. ಶೇಖರ ಸರ್ ಕ್ಯಾಬಿನ್ನಿಗೆ ಒಬ್ಬಳೇ ಹೋಗಿ, "ಸರ್, ಎಸಿ ವಿಷಯದಲ್ಲಿ ನಾನು ತಪ್ಪು, ಒಪ್ಪುತ್ತೇನೆ. ಆದರೆ ಇದೊಂದು ನೋಡಿ" ಎಂದು ಕಾಗದ ಇಟ್ಟೆ. ಅವರು ನನ್ನ ಹಳೆಯ ಕಾಗದವನ್ನೂ ತೆಗೆದು ಪಕ್ಕದಲ್ಲಿಟ್ಟರು. ಕೆಟ್ಟವರಲ್ಲ ಅಬ್ಬಾ. ಎಂಟು ವರ್ಷದಿಂದ ಈ ಸೆಂಟರನ್ನು ಒಬ್ಬರೇ ಓಡಿಸುತ್ತಿದ್ದಾರೆ, ಇನ್ನೊಂದು ಕಷ್ಟ ಬೇಡ ಎಂದು ಅಷ್ಟೇ. "ಕಾಗದದಲ್ಲಿ ನೀನು ಒಂದು ಸಲ 47 ಅಂದೆ, ಈಗ 35 ಅಂತೀಯ. ನಾನು ಯಾವುದನ್ನು ನಂಬಲಿ?" ಎಂದು ಕೇಳಿದರು. ಎರಡೂ ಕಾಗದ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ.

ಚಂಪಾ ಡಾಕ್ಟರ್ ದಾರಿ ತೆಗೆದರು. 14ನೇ ತಾರೀಖು ಭಾನುವಾರ, ಪೇಷಂಟುಗಳು ಇರುವುದಿಲ್ಲ. ಮಷೀನುಗಳನ್ನು ಬಿಸಿನೀರಿನಿಂದ ತೊಳೆಯಲು ಹಚ್ಚಿ, ಎಲ್ಲವನ್ನೂ ಜನರೇಟರಿನ ಮೇಲೆ ಹಾಕಿ ನೋಡೋಣ ಎಂದರು. ನಡೆಯದಿದ್ದರೆ ಏನು ಮಾಡುವುದು ಎಂದು ನಾನೇ ಹೇಳಬೇಕು. ಹೊಸ ದೊಡ್ಡ ಜನರೇಟರು ಈ ವರ್ಷ ಆಗುವ ಮಾತಲ್ಲ.

ನನಗೆ ಹೆದರಿಕೆ. ಕರೆಂಟು ಹೋದರೆ ಮಷೀನಿನ ಬ್ಯಾಟರಿ ಹದಿನೈದು ನಿಮಿಷ ಇರುತ್ತದೆ. ಆಮೇಲೆ ನರ್ಸುಗಳು ಹಿಡಿಕೆ ತಿರುಗಿಸಿ ಕೈಯಿಂದಲೇ ಪೇಷಂಟಿನ ರಕ್ತ ವಾಪಸ್ ಕಳಿಸಬೇಕು. ಎಂಟು ಪೇಷಂಟು, ಮೂವರು ನರ್ಸು.

ನೀವು ಬರುತ್ತೀರಾ? ದಾದರಿನಲ್ಲಿ ಇಳಿದು ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹಿಡಿಯಿರಿ. ಅನೌನ್ಸ್‌ಮೆಂಟ್ ಕೇಳಿಸುವುದಿಲ್ಲ, ಬೋರ್ಡು ನೋಡುತ್ತಾ ಬನ್ನಿ. ಹತ್ತು ಗಂಟೆಗೆ ನಾನು ಮೆಟ್ರೋ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ.

ಬರದಿದ್ದರೂ ಸರಿ.

ನೂರೀನ


ಗ್ರಾಂಟ್ ರೋಡ್
16 ಜುಲೈ 2024

ಬೇಟಿ,

ಭಾನುವಾರ ನಾವಿಬ್ಬರೂ ಇಡೀ ದಿನ ಕೂಡೇ ಇದ್ವಿ. ಮಾತು ಆಡಿದ್ದು ಕಡಿಮಿ. ಆ ಗಡಿಬಿಡ್ಯಾಗ ನಿನ್ನ ಎಲ್ಲಾ ಮಾತೂ ತುಟಿ ಓದಿ ತಿಳಿಯಾಕ ಆಗಲಿಲ್ಲ. ಹಂಗಾಗಿ ಬರೀತೀನಿ.

ನೀ ನನ್ನ ಕೈ ಹಿಡಕೊಂಡು ಎಲ್ಲಾರ ಮುಂದ ನಿಲ್ಲಿಸಿದಿ. ಏನಂದಿ ಅಂತ ನಾ ನೋಡಿದೆ. "ಯೇ ಮೇರೆ ಅಬ್ಬಾ ಹೈಂ. ಹಿಸಾಬ್ ಇನ್ಹೋಂನೇ ಸಿಖಾಯಾ." ಲೆಕ್ಕ ನಾ ಕಲಿಸಿದ್ದಂತ. ನಾ ತಲಿ ತಗ್ಗಿಸಿ ಟೂಲ್ ಚೀಲ ತಗದೆ. ಚೀಲದಾಗ ತಗಿಯೋದೇನೂ ಇದ್ದಿಲ್ಲ.

ಎಲ್ಲಾ ಚಾಲೂ ಮಾಡಿದ ಮ್ಯಾಲ ನಿಮ್ಮ ಶೇಖರ ಸಾಹೇಬರು "ಲಿಫ್ಟಿನ್ಯಾಗ ನಾನೇ ಹೋಗತೀನಿ" ಅಂತ ಹೊಂಟಾಗ ನನಗ ನಗು ಬಂತು, ತಡಕೊಂಡೆ. ನಾ ಜನರೇಟರಿನ ಮೈಮ್ಯಾಲ ಅಂಗೈ ಇಟ್ಟಿದ್ದೆ. ಲಿಫ್ಟ್ ಏಳೋ ಹೊತ್ತಿಗೆ ಅದು ಒಳಗ ಏದುಸಿರು ಬಿಟ್ಟಿತು. ನಿಮಗ ಲೈಟು ಮಂಕಾಗೋಕ್ಕಿಂತ ಮೊದಲ ನನ್ನ ಕೈಗೆ ಗೊತ್ತಾತು. ಆಮ್ಯಾಲ ಠಪ್ ಅಂತ ಬ್ರೇಕರ್ ಬಿತ್ತು. ಸಾಹೇಬರು ಎರಡನೇ ಮಾಳಿಗಿಗೂ ಮೂರನೇದಕ್ಕೂ ನಡುವ.

ಮತ್ತ ಹೊರಗಿನ ಲೈನಿನ ಕರೆಂಟಿಗೆ ಹಾಕಿ ಅವರನ್ನ ಕೆಳಗ ತರೂದ್ರಾಗ ನಾಲ್ಕು ನಿಮಿಷ ಹೋಯ್ತು. ಅವರ ಅಂಗಿ ಬೆವರಿಗೆ ತೊಯ್ದು ತೊಪ್ಪೆ ಆಗಿತ್ತು. ಬೈತಾರ ಅಂತ ಅನ್ಕೊಂಡೆ. ನನ್ನ ಮುಂದ ಬಂದು ನಿಂತು, ನನಗ ತಿಳೀಲಿ ಅಂತ ಒಂದೊಂದೇ ಅಕ್ಷರ ಬಾಯಿ ಬಿಟ್ಟು ಕೇಳಿದರು: "ಚಾಚಾ, ಅಬ್ ಕ್ಯಾ ಕರೇಂ?" ಈಗ ಏನು ಮಾಡೋದು ಅಂತ.

ನಾ ನಿನ್ನ ಕಡೆ ಬಟ್ಟು ತೋರಿಸಿದೆ. ನನಗ ಗೊತ್ತಿದ್ದಿಲ್ಲ ಅಂತ ಅಲ್ಲ. ನೀ ಏನು ಹೇಳತಿ ನೋಡಬೇಕಾಗಿತ್ತು.

ನೀ ಹೇಳಿದ್ದು ಬರೋಬ್ಬರಿ. ಜನರೇಟರ್ ಮ್ಯಾಲ ಇದ್ದಾಗ ನೀರಿನ ಪಂಪು ಬಂದ್, ಟಾಕಿ ಮೊದಲ ತುಂಬಿಡೋದು. ನಾಲ್ಕು ಎಸಿಯಾಗ ಮೂರು ತಾವಾಗೇ ಬಂದ್ ಆಗಬೇಕು. ಮೂವತ್ತೈದರಾಗ ಹತ್ತಿರ ಹತ್ತು ಹೋದ್ರ ಇಪ್ಪತ್ತೈದು. ಉಳಿದ ಏಳು ಲಿಫ್ಟ್ ಎದ್ದೇಳೋಕ ಇಟ್ಟಿ. ನಾ ಆಗಿದ್ರ ಲಿಫ್ಟನ್ನೇ ಬಂದ್ ಮಾಡು ಅಂತಿದ್ದೆ. ನೀ "ಡಯಾಲಿಸಿಸ್ ಆದ ಮ್ಯಾಲ ಪೇಷಂಟಿಗೆ ಮೆಟ್ಟಲಾ ಇಳಿಯಾಕ ಆಗಂಗಿಲ್ಲ" ಅಂದಿ. ಅದು ನನ್ನ ತಲ್ಯಾಗ ಬಂದಿದ್ದಿಲ್ಲ. ನಾ ಮೋಟರ್ ಅಷ್ಟೇ ನೋಡಿದ್ದೆ.

ಎರಡನೇ ಸಲ ಹಚ್ಚಿದಾಗ ಅಂಗೈಯಾಗ ಒಂದು ಸಣ್ಣ ನಡುಕ ಬಂತು, ಹೋಯ್ತು. ಹಿಡೀತು.

ನೀ ಸಂಜೀಕ ಲೋಕಲಿನ ತನಕ ಬಂದು ನಿಂತಿ. ಗಾಡಿ ಬಿಟ್ಟ ಮ್ಯಾಲ ಏನೋ ಅಂದಿ. ಖಿಡಕಿಯಾಗ ಮಂದಿ ಅಡ್ಡ ನಿಂತರು, ನನಗ ಕಾಣಲಿಲ್ಲ. ಬರದು ಕಳಸು.

ಅಬ್ಬಾ


ಘಾಟ್ಕೋಪರ್
2 ಆಗಸ್ಟ್ 2024

ಅಬ್ಬಾ,

ಪತ್ರ ತಡವಾಯಿತು. ರಿಲೇ ಕೂಡಿಸುವ ಕೆಲಸದಲ್ಲಿದ್ದೆ, ಎಸಿ ಮತ್ತು ಪಂಪು ತಾವಾಗಿಯೇ ಬಂದ್ ಆಗುವ ಹಾಗೆ. 26ನೇ ತಾರೀಖಿಗೆ ಮುಗಿಯಿತು. 29ನೇ ತಾರೀಖು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಮಳೆ ಜೋರಿತ್ತು, ರಸ್ತೆಯ ಕೇಬಲ್ಲಿನಲ್ಲಿ ನೀರು ಹೊಕ್ಕಿತ್ತು.

ಎಂಟೂ ಮಷೀನಿನಲ್ಲಿ ಜನ. ನಾನು ಪ್ಯಾನೆಲ್ಲಿನ ಮುಂದೆ ಓಡಿದೆ. ಹತ್ತು ಸೆಕೆಂಡಿನಲ್ಲಿ ಜನರೇಟರು ಎದ್ದಿತು. ಠಕ್, ಠಕ್, ಠಕ್, ಮೂರು ಎಸಿ ಬಿಟ್ಟವು. ಪಂಪು ಬಿಟ್ಟಿತು. ನಾನು ನಿಮ್ಮ ಹಾಗೆ ಅಂಗೈ ಇಡಲಿಲ್ಲ, ನನಗೆ ಅದು ತಿಳಿಯುವುದಿಲ್ಲ, ಮೀಟರು ನೋಡುತ್ತಾ ನಿಂತೆ. ಹದಿನೆಂಟೂವರೆ. ಲಿಫ್ಟು ನಿಂತೇ ಇತ್ತು.

ಅಷ್ಟರಲ್ಲಿ ರಾಚವ್ವ ಎಂಬ ಅಜ್ಜಿಯ ಡಯಾಲಿಸಿಸ್ ಮುಗಿದಿತ್ತು. ಅಫಜಲಪುರದ ಕಡೆಯವರು, ಇಲ್ಲೇ ಗುಡ್ಡದ ಮೇಲಿನ ಬಸ್ತಿಯಲ್ಲಿರುತ್ತಾರೆ, ಬಿಲ್ಡಿಂಗ್ ಕೆಲಸಕ್ಕೆ ಹೋಗುವ ಸೊಸೆ ಜೊತೆಗೆ ಬರುತ್ತಾಳೆ. ಅಜ್ಜಿಯ ಬಿಪಿ ಇಳಿದಿತ್ತು, ಕೆಳಗಿನ ಮಾಳಿಗೆಯ ವಾರ್ಡಿಗೆ ಒಯ್ಯಬೇಕಿತ್ತು. ವ್ಹೀಲ್‌ಚೇರು ಲಿಫ್ಟಿನ ಮುಂದೆ ಬಂತು. ನರ್ಸು ನನ್ನ ಮುಖ ನೋಡಿದಳು. ಶೇಖರ ಸರ್ ಕೂಡ ನೋಡಿದರು. ನಾನು "ಒತ್ತಿ" ಅಂದೆ. ಮೀಟರು ಒಮ್ಮೆ ಮೂವತ್ತೆರಡು ಮುಟ್ಟಿ ಇಪ್ಪತ್ತೈದಕ್ಕೆ ಬಂದು ಕೂತಿತು. ಲಿಫ್ಟು ಕೆಳಗೆ ಹೋಯಿತು.

ಒಂದು ತಾಸು ನಲವತ್ತು ನಿಮಿಷ. ಒಂದೂ ಮಷೀನು ನಿಲ್ಲಲಿಲ್ಲ.

ಆಮೇಲೆ ವಾರ್ಡಿಗೆ ಹೋಗಿ ಅಜ್ಜಿಯನ್ನು ಮಾತಾಡಿಸಿದೆ. "ಕರೆಂಟ್ ಹೋಗಿತ್ತು ಅಜ್ಜಿ, ಗೊತ್ತಾಯಿತಾ?" ಎಂದು ಕೇಳಿದೆ. "ಹೌದೇನವ್ವಾ? ನನಗ ಬರೀ ಸೆಕಿ ಆತು. ಈ ಮಂದಿ ಎಸಿ ಉಳಸಾಕ ಹತ್ಯಾರ ಅಂತ ಬೈಕೊಂಡೆ" ಅಂದರು. ನಾನು ಅಲ್ಲೇ ಕೂತು ನಕ್ಕುಬಿಟ್ಟೆ. ಅಬ್ಬಾ, ಇದಕ್ಕಿಂತ ಚೆನ್ನಾಗಿ ನಮ್ಮನ್ನು ಯಾರೂ ಹೊಗಳಲಾರರು.

ಶೇಖರ ಸರ್ ಈಗ ಎಲ್ಲ ಮಷೀನಿನ ಮೇಲೆ ಕಿಲೋವ್ಯಾಟಿನಲ್ಲಿ ಸ್ಟಿಕ್ಕರ್ ಹಚ್ಚಿಸುತ್ತಿದ್ದಾರೆ. ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪರ್ಮಿಟ್ಟಿನ ಪರೀಕ್ಷೆಗೆ ಕೂರು, ಓದಲು ಶನಿವಾರ ಅರ್ಧ ದಿನ ರಜೆ ಕೊಡುತ್ತೇನೆ ಎಂದಿದ್ದಾರೆ.

ಸ್ಟೇಷನ್ನಿನಲ್ಲಿ ನಾನು ಅಂದದ್ದು ಇದು. ಆ ದಿನ ಅಂಗಡಿಯಲ್ಲಿ ನಾನು ಹೇಳಿದ್ದು ನಿಜವೇ ಇತ್ತು. ಆದರೆ ನಿಮಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಕೇಳಿಸುವುದಿಲ್ಲ ಎಂದೇ ಅಷ್ಟು ಧೈರ್ಯ. ನೀವು ತುಟಿ ಓದಿದಿರಿ ಎಂದು ಪತ್ರದಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಮಾಫ್ ಮಾಡಿ ಅಬ್ಬಾ.

ಇನ್ನೊಂದು. ನಾನು ತಿರುಗಿ ಮನೆಗೆ ಬಂದು ಇರುವುದಿಲ್ಲ. ಸಿಟ್ಟಿನಿಂದ ಅಲ್ಲ. ನನಗೆ ಇಲ್ಲಿ ಒಂದು ಕೋಣೆ ಇದೆ, ಕೆಲಸ ಇದೆ, ಪರೀಕ್ಷೆ ಇದೆ. ನೀವು ಇದಕ್ಕೆ ಏನು ಬರೆಯುತ್ತೀರೋ ಎಂದು ಹೆದರಿಕೊಂಡೇ ಪೋಸ್ಟ್ ಮಾಡುತ್ತಿದ್ದೇನೆ.

ನಿಮ್ಮ ಬೇಟಿ
ನೂರೀನ


ಗ್ರಾಂಟ್ ರೋಡ್
9 ಆಗಸ್ಟ್ 2024

ಬೇಟಿ ನೂರೀನ,

ಮಾಫಿ ಕೇಳಿದ್ದು ಓದಿದೆ. ಅದರ ಮ್ಯಾಲ ಇನ್ನ ಬರೆಯೋದು ಬ್ಯಾಡ. ನಂದೂ ಅಷ್ಟೇ ಇತ್ತು, ನೀ ಮೊದಲು ಬರದಿ.

ನಿನ್ನ ಪತ್ರ ಬಂದ ದಿನ "ಮನಿಗೆ ಬಾ" ಅಂತ ಎರಡು ಪುಟ ಬರದೆ. ಬಾಡಿಗಿ ಕೋಣ್ಯಾಗ ಹೆಣ್ಣುಮಗಳು ಒಬ್ಬಾಕಿ ಹೆಂಗ ಇರಬೇಕು, ಮಂದಿ ಏನಂದಾರು, ಎಲ್ಲಾ ಬರದೆ. ಬರದು ಅಮ್ಮಿಗೆ ಓದಿ ಹೇಳಿದೆ. ಆಕಿ ಅಕ್ಕಿ ಆರಸಾಕ ಹತ್ತಿದ್ದಳು. ಪೂರಾ ಕೇಳಿ, ಎದ್ದು ಬಂದು, ಕಾಗದ ನನ್ನ ಕೈಯಿಂದ ತಗೊಂಡು ಮಡಚಿ ಇಟ್ಟಳು. ನನ್ನ ಮಾರಿ ಎರಡೂ ಕೈಲೆ ಹಿಡಿದು ತನ್ನ ಕಡೆ ತಿರುವಿಕೊಂಡು, ನಾ ಓದಾಂಗ ಸಾವಕಾಶ ಅಂದಳು: "ಆಕಿ ಬರೋದಲ್ಲರೀ. ನಾವು ಹೋಗೋದು."

ಒಂದು ವರ್ಷ ಆತು, ನಿನ್ನ ಕೋಣಿ ಹೆಂಗೈತಿ ಅಂತ ನಾವು ಕೇಳೇ ಇಲ್ಲ. ಸ್ಟೇಷನ್ ತನಕ ಬಂದೆ, ಕೆಲಸ ನೋಡಿದೆ, ಹೊಳ್ಳಿ ಹೋದೆ. ನೀನೂ ಕರೀಲಿಲ್ಲ, ನಾನೂ ಕೇಳಲಿಲ್ಲ.

18ನೇ ತಾರೀಖು ಭಾನುವಾರ ಹತ್ತೂವರಿಗೆ ಇಬ್ಬರೂ ಬರತೀವಿ. ಅಮ್ಮಿ ಖೀಮಾ ಮಾಡಿಕೊಂಡು ಬರತಾಳ, ನೀ ಅಡಿಗಿ ಮಾಡಬ್ಯಾಡ. ಪರೀಕ್ಷೆಯ ಪುಸ್ತಕ ತಗದಿಡು. ಪ್ರಶ್ನೆ ನಾ ಕೇಳತೀನಿ, ಉತ್ತರ ನೀ ಬರದು ತೋರಿಸು.

ಕೋಣ್ಯಾಗ ಮೂರು ಮಂದಿ ಕುಂದ್ರಾಕ ಜಾಗಾ ಇಲ್ಲಂದ್ರ ಚಿಂತಿ ಮಾಡಬ್ಯಾಡ. ನಾ ನಿಂತು ಚಾ ಕುಡೀತೀನಿ.

ನಿನ್ನ ಅಬ್ಬಾ
ಅಮೀರಸಾಬ